ನೇಟಿವ್ ಡ್ಯಾನ್ಸರ್‌ನಲ್ಲಿ ಸ್ಯಾಕ್ಸ್ ಯಾಕೆ ಇಷ್ಟು ಹಿಂದೆ ನಿಂತಿದೆ?

ಪ್ರಶ್ನೆ:
ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್ ಅವರ 'ನೇಟಿವ್ ಡ್ಯಾನ್ಸರ್' (1975) ಆಲ್ಬಮ್ ಒಂದು ವಾರದಿಂದ ಕೇಳ್ತಿದೀನಿ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ನುಡಿಸಿದೋರು, ಆಮೇಲೆ ವೆದರ್ ರಿಪೋರ್ಟ್ ಬ್ಯಾಂಡ್ ಕಟ್ಟಿದೋರು, ಜೋರು ಫ್ಯೂಷನ್ (ಜಾಝ್ ಜೊತೆ ರಾಕ್ ಬೆರೆಸಿದ್ದು) ಇರುತ್ತೆ, ಉದ್ದುದ್ದ ಸೋಲೋ ಇರುತ್ತೆ ಅಂದ್ಕೊಂಡು ಹಾಕಿದ್ರೆ ಮೊದಲನೇ ಟ್ರ್ಯಾಕಲ್ಲೇ ಯಾರೋ ತಾರಕದಲ್ಲಿ ಹಾಡ್ತಿದಾರೆ, ಸ್ಯಾಕ್ಸ್ ಆಮೇಲೆ ಬರುತ್ತೆ. ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇದು ಶಾರ್ಟರ್ ಆಲ್ಬಮ್ಮಾ, ಗಾಯಕರ ಆಲ್ಬಮ್ಮಾ?

ಉತ್ತರ 1:
ಇಬ್ಬರದೂ. ಹಾಡಿರೋದು ಬ್ರೆಜಿಲ್‌ನ ಮಿಲ್ಟನ್ ನಾಸಿಮೆಂಟೊ, ಕವರ್ ಮೇಲೇ ಅವರ ಹೆಸರಿದೆ, ಒಂಬತ್ತು ಟ್ರ್ಯಾಕಲ್ಲಿ ಐದು ಅವರ ರಚನೆ. ಪಿಯಾನೋ ಹರ್ಬಿ ಹ್ಯಾನ್ಕಾಕ್, ಪರ್ಕಶನ್ ಏರ್ಟೊ ಮೊರೇರಾ, ಜೊತೆಗೆ ಮಿಲ್ಟನ್ ಕಡೆಯ ವಾಗ್ನರ್ ಟೀಸೊ, ರಾಬರ್ಟಿನ್ಯೊ ಸಿಲ್ವಾ.

ಉತ್ತರ 2:
ಸ್ಯಾಕ್ಸ್ ಹಿಂದೆ ನಿಂತಿಲ್ಲ ರೀ, ಕಾಯ್ತಿದೆ. ಆ ಮೊದಲನೇ ಹಾಡು 'ಪೊಂಟಾ ಜಿ ಅರೇಯಾ' ಹೆಡ್‌ಫೋನ್ ಹಾಕ್ಕೊಂಡು ಇನ್ನೊಂದ್ಸಲ ಕೇಳಿ, ಮಿಲ್ಟನ್ ಕಳ್ಳದನಿಯಲ್ಲಿ (ಫಾಲ್ಸೆಟ್ಟೊ) ಎಳೆಯೋ ರಾಗಕ್ಕೂ ಆಮೇಲೆ ಬರೋ ಸೊಪ್ರಾನೋ, ಅಂದ್ರೆ ಎತ್ತರದ ಶ್ರುತಿಯ ಸ್ಯಾಕ್ಸ್ ನಾದಕ್ಕೂ ಎಷ್ಟು ಹತ್ತಿರ ಅಂದ್ರೆ ಒಂದೇ ಗಂಟಲಿಂದ ಬಂದಂಗಿದೆ, ಉಸಿರು ಮಾತ್ರ ಬೇರೆ. ಬ್ರೆಜಿಲ್‌ನ ಮಿನಾಸ್ ರಾಜ್ಯದ ಕಡೆಯಿಂದ ಸಮುದ್ರಕ್ಕೆ ಹೋಗ್ತಿದ್ದ, ಆಮೇಲೆ ಮುಚ್ಚಿಹೋದ ರೈಲು ಮಾರ್ಗದ ಮೇಲಿನ ಹಾಡದು. ಅಂಥ ಹಾಡಲ್ಲಿ ಬೆರಳಿನ ವೇಗ ತೋರಿಸ್ತಾ ಕೂತಿದ್ರೆ ಕೆಟ್ಟೋಗ್ತಿತ್ತು. ಶಾರ್ಟರ್ ನಾಲ್ಕು ಸ್ವರ ನುಡಿಸಿ ನಿಲ್ಲಿಸ್ತಾರೆ ನೋಡಿ, ಆ ಜಾಗದಲ್ಲಿ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತೆ. ಇನ್ನೊಂದು, ಇದರಲ್ಲೇ 'ಮಿರಾಕಲ್ ಆಫ್ ದಿ ಫಿಶಸ್' ಅನ್ನೋ ಟ್ರ್ಯಾಕ್ ಇದೆಯಲ್ಲ, ಅದೇ ಹೆಸರಿನ 1973ರ ಮಿಲ್ಟನ್ ಆಲ್ಬಮ್‌ಗೆ ಬ್ರೆಜಿಲ್‌ನ ಆಗಿನ ಮಿಲಿಟರಿ ಸರ್ಕಾರ ಕತ್ತರಿ ಹಾಕಿ ಕೆಲವು ಹಾಡಿನ ಸಾಹಿತ್ಯ ತೆಗೆಸ್ತು, ಅವರು ಸಾಹಿತ್ಯ ಬಿಟ್ಟು ಬರೀ ದನಿಯಲ್ಲೇ ಹಾಡಿದ್ರು. ಮಾತಿಲ್ಲದೆ ಹೇಳೋದು ಅವರಿಗೆ ಗೊತ್ತಿತ್ತು, ಸ್ಯಾಕ್ಸ್ ಮಾಡೋದೂ ಅದನ್ನೇ ತಾನೇ.

ಉತ್ತರ 3:
ಮೇಲಿನವರ ಮಾತು ಒಪ್ತೀನಿ, ಆದ್ರೆ ಫ್ಯೂಷನ್ ಇಲ್ವೇ ಇಲ್ಲ ಅಂತಲ್ಲ. ಶಾರ್ಟರ್ ಅವರದೇ 'ಬ್ಯೂಟಿ ಅಂಡ್ ದಿ ಬೀಸ್ಟ್' ಹಾಕಿ, ಫಂಕ್ ತಾಳದಲ್ಲಿ ಶುರುವಾಗಿ ಇದ್ದಕ್ಕಿದ್ದಂಗೆ ಮೆತ್ತಗಾಗುತ್ತೆ. ಆಮೇಲೆ 'ಆನಾ ಮರಿಯಾ', ಹೆಂಡತಿ ಹೆಸರಲ್ಲಿ ಬರೆದಿದ್ದು, ಸೊಪ್ರಾನೋ ಮನಸ್ಸು ತುಂಬ ಸಿಗುತ್ತೆ. ಲ್ಯಾಟಿನ್ ಅಂದ ತಕ್ಷಣ ಕಾಂಗಾ ಡೋಲು, ಸಾಲ್ಸಾ ಕುಣಿತದ ಸಂಗೀತ ಹುಡುಕೋರಿಗೆ ಇಲ್ಲಿ ನಿರಾಸೆ ಆಗಬಹುದು, ಇಲ್ಲಿರೋದು ಮಿನಾಸ್ ಕಡೆಯ ನಿಧಾನ.

ಪ್ರಶ್ನೆ ಕೇಳಿದವರು:
ಈಗಷ್ಟೇ ಹೆಡ್‌ಫೋನಲ್ಲಿ ಕೇಳಿದೆ. ಮಿಲ್ಟನ್ ದನಿ ಎಲ್ಲಿ ಮುಗೀತು, ಸ್ಯಾಕ್ಸ್ ಎಲ್ಲಿ ಶುರುವಾಯ್ತು ಅಂತ ಹಿಡಿಯೋಕೆ ಎರಡು ಸಲ ಹಿಂದೆ ಹೋಗ್ಬೇಕಾಯ್ತು. ರಾತ್ರಿ 'ಆನಾ ಮರಿಯಾ' ಕೇಳ್ತೀನಿ.