ಸಹಾಯ ಬೇಕು: ಅಪ್ಪನ ಬಯಾಪ್ಸಿ ರಿಪೋರ್ಟ್‌ನಲ್ಲಿ 'ಎಂಎಲ್‌ಎಚ್‌1 ಲಾಸ್' ಅಂತಿದೆ

ಎಲ್ಲರಿಗೂ ನಮಸ್ಕಾರ. ನಾವಿರೋದು ವಿಜಯನಗರ. ಅಪ್ಪನಿಗೆ 68. ಹೋದ ತಿಂಗಳು ದೊಡ್ಡ ಕರುಳಿನ ಬಲಭಾಗದ ಕ್ಯಾನ್ಸರ್ ಗಡ್ಡೆ ಆಪರೇಷನ್ ಮಾಡಿ ತೆಗೆದರು, ಎರಡನೇ ಹಂತ ಅಂದರು. ರಿಪೋರ್ಟ್ ಕೊಟ್ಟ ಡಾಕ್ಟರು ಎರಡೇ ನಿಮಿಷ ಮಾತಾಡಿ ಮುಂದಿನ ಪೇಷೆಂಟನ್ನ ಕರೆದುಬಿಟ್ಟರು. 'ಎಂಎಲ್‌ಎಚ್‌1, ಪಿಎಂಎಸ್‌2 ಲಾಸ್' ಅಂತಿದೆ. ಕೆಳಗೆ, ಗಡ್ಡೆಯೊಳಗೆ ಲಿಂಫೋಸೈಟ್ (ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣ) ತುಂಬಿವೆ ಅಂತ ಒಂದು ಸಾಲು. ಅಮ್ಮ ಅದನ್ನ ಸೋಂಕು ಅಂದ್ಕೊಂಡು ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ.

ನಾನು ಓದಿ ತಿಳ್ಕೊಂಡಿದ್ದು: ಎಂಎಲ್‌ಎಚ್‌1, ಪಿಎಂಎಸ್‌2 ಅಂದ್ರೆ ಡಿಎನ್‌ಎ ನಕಲಾಗುವಾಗ ಆಗೋ ತಪ್ಪು ತಿದ್ದೋ ಪ್ರೋಟೀನ್‌ಗಳು; 'ಲಾಸ್' ಅಂದ್ರೆ ಗಡ್ಡೆಯಲ್ಲಿ ಅವು ಇಲ್ಲ ಅಂತ. ಇವಿಲ್ಲದಿದ್ದರೆ ತಪ್ಪುಗಳು ರಾಶಿ ಬಿದ್ದು ಗಡ್ಡೆಯಲ್ಲಿ ವಿಚಿತ್ರ ಪ್ರೋಟೀನ್‌ಗಳು ಹುಟ್ಟುತ್ತವೆ. ಲಿಂಫೋಸೈಟ್‌ಗಳಲ್ಲೇ ಒಂದು ಬಗೆಯಾದ ಟಿ ಕಣಗಳು ಅವನ್ನ ಹೊರಗಿನವು ಅಂತ ಗುರುತಿಸಿ ಒಳಗೆ ನುಗ್ಗುತ್ತವೆ. ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 15% ಈ ಬಗೆಯವು. ಗಡ್ಡೆಯೂ ಸುಮ್ಮನಿರಲ್ಲ, ಪಿಡಿ-ಎಲ್‌1 ಅನ್ನೋ ಪ್ರೋಟೀನ್ ತೋರಿಸಿ ಟಿ ಕಣಕ್ಕೆ ಬ್ರೇಕ್ ಹಾಕುತ್ತೆ. ಆ ಬ್ರೇಕ್ ಬಿಡಿಸೋದು ಇಮ್ಯುನೊಥೆರಪಿಯ ಒಂದು ಬಗೆ. 2018ರ ವೈದ್ಯಕೀಯ ನೊಬೆಲ್ ಬಂದಿದ್ದೂ ಇಂಥ ಬ್ರೇಕ್‌ಗಳನ್ನ ಬಿಡಿಸಿ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡೋ ದಾರಿ ಕಂಡುಹಿಡಿದಿದ್ದಕ್ಕೇ. ಅಂದ್ರೆ ಆ ಸಾಲು ಅಮ್ಮ ಹೆದರಿದಷ್ಟು ಕೆಟ್ಟದ್ದಲ್ಲ.

ನನಗೆ ಬೇಕಿರೋದು ಬೇರೆ. ಇದು ವಂಶದಿಂದ ಬಂದ ಜೀನ್ ದೋಷದ ಲಿಂಚ್ ಸಿಂಡ್ರೋಮಾ, ವಯಸ್ಸಾದ ಮೇಲೆ ತಾನಾಗೇ ಬಂದಿದ್ದಾ ಅಂತ ತಿಳಿಯೋಕೆ ಗಡ್ಡೆಯ ಮೇಲೆ ಬಿಆರ್‌ಎಎಫ್ ಮತ್ತು ಮೆಥೈಲೇಷನ್ ಅನ್ನೋ ಜೀನ್ ಟೆಸ್ಟ್ ಮಾಡಿಸಬೇಕಂತೆ. ಬೆಂಗಳೂರಲ್ಲಿ ಎಲ್ಲಿ ಮಾಡ್ತಾರೆ, ಎಷ್ಟಾಗುತ್ತೆ? ಹೊರಗಿನ ಬ್ಲಾಕ್ (ಮೇಣದಲ್ಲಿಟ್ಟ ಗಡ್ಡೆಯ ತುಂಡು) ತಗೊಂಡು ಹೋದ್ರೆ ಕಿದ್ವಾಯಿಯಲ್ಲಿ ನೋಡ್ತಾರಾ? ನನಗೂ ತಂಗಿಗೂ ಕನ್ನಡದಲ್ಲಿ ಬಿಡಿಸಿ ಹೇಳೋ ಜೆನೆಟಿಕ್ ಕೌನ್ಸೆಲರ್ ಯಾರಾದ್ರೂ ಗೊತ್ತಿದ್ರೆ ಮೆಸೇಜ್ ಮಾಡಿ.

ಕಷಾಯದ ವಿಡಿಯೊ ಮಾತ್ರ ಬೇಡ. ಚಿಕ್ಕಪ್ಪ ಆಗಲೇ ಏಳು ಕಳಿಸಿದ್ದಾರೆ.