ಬಿಳಿಗಿರಿರಂಗನ ಬೆಟ್ಟ: ದೇವಸ್ಥಾನ ಬಿಟ್ಟು ಇನ್ನೇನು ನೋಡಬೇಕು?

ಮಂಡ್ಯದ ಹುಡುಗ:
ಅಮ್ಮನನ್ನು ಕರೆದುಕೊಂಡು ಕಾರಲ್ಲಿ ಬೆಟ್ಟಕ್ಕೆ ಹೊರಟಿದ್ದೇವೆ. ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ದಾರಿ ಸರಿ ಅಲ್ವಾ? ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಆಗಲ್ಲ. ಸುಮ್ನೆ ಕೈ ಮುಗಿದು ವಾಪಸ್ ಬರೋಕೆ ಮನಸ್ಸಿಲ್ಲ. ಅಲ್ಲಿನ ಊಟ, ಜನ, ಹಾಡು ಏನಾದರೂ ಸಿಗುತ್ತಾ?

ಕುವೆಂಪುನಗರದ ಅಕ್ಕ:
ದಾರಿ ಸರಿ ಇದೆ ತಮ್ಮ. ದೇವಸ್ಥಾನದ ಹತ್ತಿರದವರೆಗೂ ರಸ್ತೆ ಇದೆ, ಅಮ್ಮನಿಗೆ ತೊಂದರೆ ಆಗಲ್ಲ. ಒಳಗೆ ರಂಗಪ್ಪನ ದೊಡ್ಡ ಚರ್ಮದ ಪಾದುಕೆ ನೋಡಿ.

ಆದರೆ ಈ ಬೆಟ್ಟ ಮೊದಲು ಇಲ್ಲಿನ ಕಾಡಿನ ಬುಡಕಟ್ಟು ಜನ ಸೋಲಿಗರದ್ದು. ರಂಗಪ್ಪ ಅವರ ಮನೆಮಗಳು ಕುಸುಮಾಲೆಯನ್ನು ಮದುವೆಯಾದ ಅನ್ನುತ್ತದೆ ಅವರ ಕಥೆ. ಅದಕ್ಕೇ ದೇವರನ್ನು ‘ಭಾವ’ ಅಂತ ಕರೆಯುತ್ತಾರೆ. ಅಷ್ಟು ಸಲುಗೆ! ಜೇನು ಕೊಯ್ದಾಗ ಹುಲಿಗೂ ಒಂದು ಪಾಲು ಬಿಡುತ್ತೇವೆ ಅನ್ನುತ್ತಾರೆ ಹಿರಿಯರು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಪೋಡುಗಳಿಗೆ, ಅಂದರೆ ಅವರ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಜೇನು, ನೆಲ್ಲಿಕಾಯಿ ಅವರು ಹಕ್ಕಿನಿಂದ ತರುತ್ತಾರೆ. ಚೌಕಾಸಿ ಮಾಡದೆ ಕೊಳ್ಳಿ, ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ.

ಪರಿಚಯದವರು ಯಾರಾದರೂ ಕರೆದರೆ ಮಾತ್ರ ಪೋಡಿಗೆ ಹೋಗಿ. ಕೇಳದೆ ಫೋಟೋ ಬೇಡ. ನನಗೆ ಒಮ್ಮೆ ಒಂದು ಮನೆಯಲ್ಲಿ ಬಿಸಿ ರಾಗಿ ರೊಟ್ಟಿ, ಸೊಪ್ಪಿನ ಪಲ್ಯ, ಬೇಯಿಸಿದ ಕಾಡುಗೆಣಸು, ಮೇಲೆ ಜೇನು ಹಾಕಿಕೊಟ್ಟರು. ಗೆಣಸಿಗೆ ಮಣ್ಣಿನ ವಾಸನೆ ಸ್ವಲ್ಪ ಇರುತ್ತದೆ, ಜೇನು ಬಿದ್ದರೆ ಬಿಡೋಕೆ ಮನಸ್ಸಾಗಲ್ಲ. ಊಟ ಆದಮೇಲೆ ಅಜ್ಜಿ ‘ಗೊರುಕನ’ ಹಾಡು ಶುರು ಮಾಡಿದರು. ಪಕ್ಕದ ಮನೆಯವರೂ ಬಂದು ದನಿ ಸೇರಿಸಿದರು. ‘ಗೊರು ಗೊರುಕ’ ಅಂತ ಎಲ್ಲರೂ ಒಟ್ಟಿಗೆ ಹೇಳುವಾಗ ಕಾಲು ತಾನಾಗೇ ತಾಳ ಹಾಕುತ್ತದೆ.

ಯಳಂದೂರಿನವನು, ಈಗ ಮೈಸೂರು:
ಅಕ್ಕ ಹೇಳಿದ್ದು ಪೂರ್ತಿ ಸರಿ. ಇನ್ನೊಂದು ಸೇರಿಸುತ್ತೇನೆ. ಭಾರ್ಗವಿ ಹೊಳೆ ಪಕ್ಕದ ದೊಡ್ಡಸಂಪಿಗೆ ಮರ ಸೋಲಿಗರಿಗೆ ದೇವರು. ಅದು ಕಾಡಿನ ಒಳಗಿದೆ. ಹೋಗಬಹುದಾ ಅಂತ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಮಳೆ ಬಿಟ್ಟ ಮೇಲೆ ಬಂದರೆ ಬೆಟ್ಟ ಹಸಿರಾಗಿರುತ್ತದೆ, ಬೆಳಿಗ್ಗೆ ಮಂಜೂ ಜಾಸ್ತಿ. ಆನೆ ಓಡಾಡುವ ದಾರಿ, ಕತ್ತಲಾಗುವ ಮೊದಲೇ ಚೆಕ್‌ಪೋಸ್ಟ್ ದಾಟಿಬಿಡಿ. ತಿಂಡಿ ಪೊಟ್ಟಣ ಕಾಡಲ್ಲಿ ಎಸೆಯಬೇಡಿ, ಕೋತಿಗೆ ಏನೂ ಕೊಡಬೇಡಿ.

ಮಂಡ್ಯದ ಹುಡುಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾವನ ಕಥೆ ಓದಿ ಹೇಳಿದೆ, ಅಮ್ಮನಿಗೆ ಬಹಳ ಖುಷಿ ಆಯಿತು. ಗೊರುಕನ ಕೇಳಲೇಬೇಕು ಅಂತಿದ್ದಾರೆ. ಅಕ್ಕ, ಸೋಲಿಗರ ರೊಟ್ಟಿ ಹಬ್ಬದ ಹೊತ್ತಿಗೆ ಹೋದರೆ ಹೇಗೆ?

ಕುವೆಂಪುನಗರದ ಅಕ್ಕ:
ಚೆನ್ನಾಗಿರುತ್ತದೆ. ರಾಗಿ ಕೊಯ್ಲು ಮುಗಿದ ಮೇಲೆ ಮಾಡುತ್ತಾರೆ. ದಿನ ಅವರೇ ಗೊತ್ತು ಮಾಡುವುದು, ವಿಚಾರಿಸಿಕೊಂಡು ಹೊರಡಿ.