ಆಯಿಯ ಔಷಧಿ ಖರ್ಚನ್ನು ತೆರಿಗೆಯಲ್ಲಿ ತೋರಿಸಬಹುದೇ?

ಘಟ್ಟದ ಮಗ, ಕಾರವಾರ:

ಕಾರವಾರದಲ್ಲಿ ಖಾಸಗಿ ಕಂಪನಿಯೊಂದರ ನೌಕರ ನಾನು. 2025-26ರಲ್ಲಿ ಸಂಬಳ 11 ಲಕ್ಷ 60 ಸಾವಿರ. ಸ್ವಂತ ಮನೆ, ಸಾಲವಿಲ್ಲ. ಆಯಿಗೆ, ಅಂದರೆ ನನ್ನ ತಾಯಿಗೆ, 78 ವರ್ಷ. ನಾಲ್ಕು ವರ್ಷದಿಂದ ಪಾರ್ಕಿನ್ಸನ್ಸ್ ಎಂಬ ನಡುಕದ ನರರೋಗ. ಶಿರಸಿ ಹತ್ತಿರದ ಹಳ್ಳಿಮನೆ ಬಿಟ್ಟು ಬರುವುದಿಲ್ಲ ಎಂದು ಕೂತಿದ್ದಾಳೆ. ಹದಿನೈದು ದಿನಕ್ಕೊಮ್ಮೆ ನಾನೇ ದೇವಿಮನೆ ಘಟ್ಟ ಹತ್ತುತ್ತೇನೆ. ವಿಮೆ ಮಾಡಿಸೋಣವೆಂದರೆ ಕಾಯಿಲೆಯ ಹೆಸರು ಕೇಳಿದವರೆಲ್ಲ ಕೈಮುಗಿದರು.

ಮಾತ್ರೆಗೆ ತಿಂಗಳಿಗೆ 4,000 ರೂಪಾಯಿ, ವರ್ಷಕ್ಕೆ ಮೂರು ಸಲ ಹುಬ್ಬಳ್ಳಿಯ ನರರೋಗ ತಜ್ಞರು, ನೋಡಿಕೊಳ್ಳುವ ಹೆಂಗಸಿಗೆ ತಿಂಗಳಿಗೆ 14,000. ಕಚೇರಿಯವರು ಈಗ ದಾಖಲೆ ಕೇಳಿದ್ದಾರೆ. ಕಳೆದ ವಾರ ಊರಿಗೆ ಹೋಗಿ ಔಷಧಿ ಚೀಟಿಗಳೆಲ್ಲಿ ಎಂದರೆ ಆಯಿ ತನ್ನ ಕವಳದ ಡಬ್ಬಿಯನ್ನು ಮುಂದಿಟ್ಟಳು. ಅಡಿಕೆ ಹೋಳುಗಳ ಕೆಳಗೆ ನಾಲ್ಕು ಮಡಿಕೆ ಮಾಡಿಟ್ಟ ಚೀಟಿಗಳು. ಅರ್ಧದಷ್ಟಕ್ಕೆ ಸುಣ್ಣ ಮೆತ್ತಿದೆ, ಉಳಿದವುಗಳ ಅಕ್ಷರವೇ ಅಳಿಸಿಹೋಗಿದೆ.

ಆದಾಯ ತೆರಿಗೆ ಕಾಯ್ದೆಯಲ್ಲಿ ಕೆಲವು ಗಂಭೀರ ಕಾಯಿಲೆಗಳ ಚಿಕಿತ್ಸೆಗೆಂದು ಇರುವ 80ಡಿಡಿಬಿ ಕಲಮಿನ ಅಡಿ ಆದಾಯದಿಂದ ಒಂದು ಲಕ್ಷ ಕಳೆಯಬಹುದು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಿಜವೇ? ಎರಡು ಎಕರೆ ಅಡಿಕೆ ತೋಟ ಆಯಿಯ ಹೆಸರಿನಲ್ಲಿದೆ. ಏಪ್ರಿಲ್‌ನಲ್ಲಿ ಎಂದಿನಂತೆ ಇಂಥ ಖರ್ಚುಗಳನ್ನು ಕಳೆಯಲು ಬಿಡುವ ಹಳೆಯ ತೆರಿಗೆ ಪದ್ಧತಿ ಎಂದೇ ಬರೆದುಕೊಟ್ಟಿದ್ದೇನೆ.

ಹಳೆಯ ಗುಮಾಸ್ತ, ಕುಮಟಾ:

ಮೂವತ್ತು ವರ್ಷ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಇಂಥ ಸುಣ್ಣದ ಚೀಟಿಗಳನ್ನೇ ಬಿಡಿಸಿದವನು ನಾನು. ಇನ್ನು ಮುಂದೆ ಅಂಗಡಿಯಿಂದ ತಂದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

80ಡಿಡಿಬಿಗೆ ಎರಡು ತೊಡಕು. ನರರೋಗವಾದರೆ ಅಂಗವೈಕಲ್ಯ ಶೇಕಡ 40 ಅಥವಾ ಹೆಚ್ಚು ಎಂದು ಪ್ರಮಾಣೀಕರಿಸಿರಬೇಕು, ನರರೋಗ ತಜ್ಞರ ಚೀಟಿ ಬೇಕು. ಅದು ಹುಬ್ಬಳ್ಳಿಯಲ್ಲಿ ಸಿಕ್ಕೀತು. ಆದರೆ ತಾಯಿ ಪೂರ್ತಿಯಾಗಿ ಅಥವಾ ಮುಖ್ಯವಾಗಿ ನಿಮ್ಮನ್ನೇ ಅವಲಂಬಿಸಿರಬೇಕು ಎನ್ನುತ್ತದೆ ಕಾಯ್ದೆ. ಎರಡು ಎಕರೆ ತೋಟದ ಒಡತಿಯನ್ನು ಅವಲಂಬಿತೆ ಎಂದು ಬರೆಯಲು ನನಗಂತೂ ಧೈರ್ಯವಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂದ ಮಾತ್ರಕ್ಕೆ ಅದು ಆದಾಯವೇ ಅಲ್ಲ ಎಂದಾಗುವುದಿಲ್ಲ.

ಆರೋಗ್ಯ ವಿಮೆ, ವೈದ್ಯಕೀಯ ಖರ್ಚಿನ ಕಲಮಾದ 80ಡಿಯಲ್ಲಿ ಹಾಗಿಲ್ಲ. ತಂದೆ ತಾಯಿ ಅವಲಂಬಿತರಾಗಿರಲೇಬೇಕೆಂಬ ಷರತ್ತು ಅಲ್ಲಿಲ್ಲ. 60 ದಾಟಿದವರಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ ವೈದ್ಯಕೀಯ ಖರ್ಚನ್ನೇ 50,000ದವರೆಗೆ ಕಳೆಯಬಹುದು. ನಗದು ಕೊಟ್ಟದ್ದು ಮಾತ್ರ ನಡೆಯುವುದಿಲ್ಲ. ಯುಪಿಐ, ಚೆಕ್, ಕಾರ್ಡ್ ಯಾವುದಾದರೂ ಸರಿ, ನಿಮ್ಮ ಖಾತೆಯಿಂದ ಹೋಗಿರಬೇಕು. ಮಾತ್ರೆ, ವೈದ್ಯರ ಶುಲ್ಕ, ಪರೀಕ್ಷೆ ಇವಿಷ್ಟನ್ನು ತೋರಿಸಿ. ವೈದ್ಯಕೀಯ ಖರ್ಚು ಎಂದರೇನೆಂದು ಕಾಯ್ದೆ ಬಿಡಿಸಿ ಹೇಳಿಲ್ಲ, ಹಾಗಾಗಿ ಆ ಹೆಂಗಸಿನ ಸಂಬಳವನ್ನು ಸೇರಿಸಿದರೆ ನಾಳೆ ವಾದಿಸುವವರು ನೀವೇ. ಅತ್ತೆ ಮಾವನ ಖರ್ಚಂತೂ ಬರುವುದೇ ಇಲ್ಲ.

ಅಂಕೋಲೆಯ ಸೊಸೆ:

ಗುಮಾಸ್ತರು ಹೇಳಿದ್ದೆಲ್ಲ ಸರಿ. ಆದರೆ ಇವರಿಗೆ ಆ ಕಳೆಯುವಿಕೆಯೇ ಬೇಕಿಲ್ಲವಲ್ಲ! ಹಳೆಯ ಪದ್ಧತಿಯಲ್ಲಿ 11,60,000ದಿಂದ ಪ್ರಮಾಣಿತ ಕಡಿತ 50,000, ಪಿಎಫ್, ಜೀವ ವಿಮೆಯಂಥ ಉಳಿತಾಯಕ್ಕಿರುವ 80ಸಿಯ ಪೂರ್ತಿ ಒಂದೂವರೆ ಲಕ್ಷ ಇದೆಯೆಂದೇ ಇಟ್ಟುಕೊಂಡು ಅದನ್ನು, ಆಯಿಯ 50,000 ಕಳೆಯಿರಿ. 9,10,000 ಉಳಿಯಿತು. ಸೆಸ್ ಸೇರಿ ತೆರಿಗೆ 98,280 ರೂಪಾಯಿ. ಆಯಿಯ ಚೀಟಿಗಳಿಂದ ಉಳಿಯುವುದು 10,400, ಅಷ್ಟೇ.

ಹೊಸ ಪದ್ಧತಿಯಲ್ಲಿ ಪ್ರಮಾಣಿತ ಕಡಿತ 75,000 ಕಳೆದರೆ 10,85,000. ಹನ್ನೆರಡು ಲಕ್ಷದ ಒಳಗೇ ಇರುವುದರಿಂದ ರಿಬೇಟ್ (ತೆರಿಗೆ ಮನ್ನಾ) ಸಿಕ್ಕಿ ತೆರಿಗೆ ಸೊನ್ನೆ. ಅಲ್ಲಿ 80ಡಿಯೂ ಇಲ್ಲ, 80ಡಿಡಿಬಿಯೂ ಇಲ್ಲ. ನಿಮಗೆ ಅವುಗಳ ಹಂಗೂ ಇಲ್ಲ. ಕಚೇರಿಯಲ್ಲಿ ಏನೇ ಬರೆದುಕೊಟ್ಟಿರಲಿ, ಸಂಬಳದಾರರು ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಪದ್ಧತಿ ಬದಲಿಸಬಹುದು. ಸಂಬಳದಿಂದ ಮೊದಲೇ ಮುರಿದುಕೊಂಡ ತೆರಿಗೆ (ಟಿಡಿಎಸ್) ಮರಳಿ ಬರುತ್ತದೆ.

ಘಟ್ಟದ ಮಗ:

ಎರಡು ಸಲ ಕೂಡಿಸಿ ಕಳೆದು ನೋಡಿದೆ. ನಾಲ್ಕು ಮಡಿಕೆಯ ಚೀಟಿ ಬಿಡಿಸುತ್ತ ಕೂತವನಿಗೆ ತೊಂಬತ್ತೆಂಟು ಸಾವಿರ ಕಣ್ಣಿಗೇ ಬಿದ್ದಿರಲಿಲ್ಲ. ಇನ್ನೊಂದು ಪ್ರಶ್ನೆ. ಆಯಿಯ ಖರ್ಚಿಗೆಂದು ನನ್ನ ಹೆಸರಿನಲ್ಲಿ ಆರು ಲಕ್ಷದ ಠೇವಣಿ ಇಡುವವನಿದ್ದೆ.

ಅಂಕೋಲೆಯ ಸೊಸೆ:

ನಿಮ್ಮ ಹೆಸರಿನಲ್ಲೇಕೆ? ಬಡ್ಡಿ ನಿಮ್ಮ ಆದಾಯಕ್ಕೆ ಸೇರಿ ಹನ್ನೆರಡು ಲಕ್ಷದ ಗೆರೆಯ ಹತ್ತಿರ ತಳ್ಳುತ್ತದೆ. ಮಗ ತಾಯಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ. ಅದರ ಬಡ್ಡಿಯೂ ಅವರದೇ ಆದಾಯ, ಹೆಂಡತಿಗೆ ಕೊಟ್ಟಾಗಿನಂತೆ ನಿಮ್ಮ ಲೆಕ್ಕಕ್ಕೆ ತಿರುಗಿ ಬರುವುದಿಲ್ಲ.

ಹಳೆಯ ಗುಮಾಸ್ತ:

ತೆರಿಗೆಯ ಮಟ್ಟಿಗೆ ಒಪ್ಪಿದೆ. ಆದರೆ ತಮ್ಮ ತಂಗಿ ಇದ್ದರೆ ಮೊದಲೇ ಕೂರಿಸಿ ಹೇಳಿಬಿಡಿ. ಆಯಿಯ ಹೆಸರಿನ ಹಣ ಮುಂದೆ ಎಲ್ಲ ಮಕ್ಕಳ ಹಣ. ತೆರಿಗೆ ಉಳಿಸಲು ಹೋಗಿ ಮಾತು ನಿಂತ ಮನೆಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಘಟ್ಟದ ಮಗ:

ತಂಗಿ ಒಬ್ಬಳಿದ್ದಾಳೆ, ಅವಳಿಗೆ ಹೇಳುತ್ತೇನೆ. ನನಗಿರುವ ಚಿಂತೆ ಸಹಿಯದು. ಆಯಿಯ ಕೈ ನಡುಗುತ್ತದೆ. ಕಳೆದ ಸಲ ಬ್ಯಾಂಕಿನಲ್ಲಿ ಮೂರು ಬಾರಿ ಬರೆದಳು, ಮೂರೂ ಬೇರೆ ಬೇರೆ. ಕೊನೆಗೆ ಪೆನ್ನನ್ನು ನನ್ನತ್ತ ದೂಡಿ, “ನೀನೇ ಗೀಚು” ಎಂದಳು.

ಹಳೆಯ ಗುಮಾಸ್ತ:

ನೀವು ಗೀಚಬೇಡಿ! ಸಹಿ ಮಾಡಲಾಗದ ವೃದ್ಧರು ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದು, ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿ. ಠೇವಣಿ ಇಡುವ ಮೊದಲೇ ವ್ಯವಸ್ಥಾಪಕರನ್ನು ಕಂಡು ಈ ಏರ್ಪಾಡನ್ನು ಬರೆಸಿಡಿ.